ಪ್ಲೈವುಡ್ ಪಿಕಪ್ಪು

"ಈ ಜನ್ಮದಲ್ಲಿ ಇನ್ನು ನಿನ್ನ ವ್ಯಾನಿಗೆ ಸಾಮಾನು ಹಾಕೋದಿಲ್ಲ ಕಣಯ್ಯಾ! ನಮ್ಮದೇ ಗಾಡಿ ತಗೊಳ್ತೀವಿ. ನಿನ್ನ ಕಣ್ಣೆದುರಿಗೇ ಓಡಿಸ್ತೀವಿ. ನೋಡ್ತಾ ಇರು!"

ಬೀದಿಗೆಲ್ಲ ಕೇಳುವ ಹಾಗೆ ಈ ಭೀಷಣ ಪ್ರತಿಜ್ಞೆ ಮಾಡಿದವಳು ಸೋಫಾದಮ್ಮ. ಗಂಡ ಬಡಗಿ, ಮರದ ಕೆಲಸವೆಲ್ಲ ಅವನದು. ಸ್ಪಂಜು ತುಂಬಿ, ಬಟ್ಟೆ ಎಳೆದು ಹೊಲಿದು, ಆ ಮರದ ಅಸ್ಥಿಪಂಜರವನ್ನು ಸೋಫಾ ಮಾಡುವುದು ಇವಳ ಕೆಲಸ. ಅದಕ್ಕೇ ಆ ಹೆಸರು. ಎದುರಿಗೆ ನಿಂತು ಬೈಸಿಕೊಳ್ಳುತ್ತಿದ್ದವನು ಬಾಡಿಗೆ ವ್ಯಾನಿನವನು. ಅವಳು ಕೈಯಾರೆ ಹೊಲಿದ ಸೋಫಾವನ್ನು ಒಂದು ಹಗ್ಗ ಕೂಡ ಬಿಗಿಯದೆ ಸಾಗಿಸಿ, ಬೆನ್ನಿನ ಬಟ್ಟೆಯನ್ನು ಈ ತುದಿಯಿಂದ ಆ ತುದಿಗೆ ಹರಿದಿಟ್ಟಿದ್ದ. ಅಷ್ಟು ಬೈದರೂ ಅವನು ಹಲ್ಲುಕಡ್ಡಿ ಕಚ್ಚಿಕೊಂಡು, "ಆಯ್ತಕ್ಕಾ, ಬೇಕಾದಾಗ ಒಂದು ಫೋನ್ ಮಾಡಿ" ಎಂದು ನಕ್ಕು ಹೋದ. ಬಟ್ಟೆ ಹರಿದದ್ದಕ್ಕಿಂತ ಆ ನಗುವೇ ಅವಳ ಮೈ ಉರಿಸಿತು.

ಗಾಡಿಯ ಅವಸರವೂ ಇತ್ತು. ಊರಾಚೆ ದಿಬ್ಬದ ಮೇಲೆ ಮಕ್ಕಳ ಡಾಕ್ಟರಮ್ಮ ಹೊಸ ಕ್ಲಿನಿಕ್ಕು ತೆರೆಯುವವರಿದ್ದರು. ಕಾಯುವ ಕೋಣೆಗೆ ಎರಡು ಉದ್ದನೆಯ ಸೋಫಾ ಮಾಡಲು ಹೇಳಿದ್ದರು. ಗಂಡಹೆಂಡತಿಗೆ ಇಂಥ ದೊಡ್ಡ ಜಾಗದಿಂದ ಕೆಲಸ ಬಂದಿದ್ದು ಇದೇ ಮೊದಲು. "ಭಾನುವಾರ ಸಂಜೆಯೊಳಗೆ ಸೋಫಾ ಬಂದು ಕೂತಿರಬೇಕು. ಇಲ್ಲದಿದ್ರೆ ಅಂಗಡಿಯಿಂದ ಸ್ಟೀಲ್ ಬೆಂಚು ತರಿಸ್ಕೋತೀನಿ" ಎಂದು ಡಾಕ್ಟರಮ್ಮ ನಗುತ್ತಲೇ ಹೇಳಿದ್ದರು. ಸ್ಟೀಲ್ ಬೆಂಚು! ಆ ಮಾತು ಕೇಳಿದ ದಿನ ಸೋಫಾದಮ್ಮನಿಗೆ ಊಟ ಸೇರಲಿಲ್ಲ.

"ಗಾಡಿ ಆರಿಸೋದು ನನಗೆ ಬಿಡು" ಎಂದ ಗಂಡ.

ಬಿಟ್ಟಳು. ಅಲ್ಲೇ ಆಗಿದ್ದು ಎಡವಟ್ಟು.

ಈ ಮನುಷ್ಯ ಒಂದು ಸ್ಟೂಲಿನ ಕಾಲಿಗೆ ನಾಲ್ಕು ಸಲ ಅಳತೆ ತೆಗೆಯುವವನು. ಮಲಗುವಾಗಲೂ ಅಂಗಿಯ ಜೇಬಿನಲ್ಲಿ ಅಳತೆ ಟೇಪು. ಮೊದಲನೆಯ ಷೋರೂಮಿಗೆ ಕಾಲಿಟ್ಟವನೇ ಟೇಪು ಎಳೆದು ಗಾಡಿಯ ಕೆಳಗೆ ನುಸುಳಿಬಿಟ್ಟ. ಕೋಟು ಟೈ ತೊಟ್ಟ ಸೇಲ್ಸಿನ ಹುಡುಗ ಗಾಡಿಯ ಕೆಳಗಿನ ಎರಡು ಕಾಲುಗಳಿಗೆ ವಿವರಿಸಬೇಕಾಯಿತು.

"ಸರ್, ಮಧ್ಯಮ ಗಾತ್ರದ ಪಿಕಪ್ಪಿನಲ್ಲಿ ಇದೇ ಬೆಸ್ಟ್ ಸರ್. ಪೆಟ್ರೋಲಿದೆ, ಡೀಸೆಲ್ಲಿದೆ, ಟರ್ಬೋ ಇದೆ, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗೋದು ಇದೆ. ಗೇರು ತಾನಾಗೇ ಬೀಳುತ್ತೆ. ಮೇಡಂ, ಚಳಿಯಲ್ಲಿ ಸೀಟು ತಾನಾಗೇ ಬೆಚ್ಚಗಾಗುತ್ತೆ!"

"ಅದು ಬೇಡಪ್ಪಾ" ಎಂದಳು ಸೋಫಾದಮ್ಮ. "ಇವರ ಪಕ್ಕ ಕೂತ್ರೆ ಯಾವ ಸೀಟಾದ್ರೂ ಕಾದ ಹೆಂಚಾಗುತ್ತೆ."

ಮೂರು ಷೋರೂಮು ಸುತ್ತಿದರು. ಒಂದರ ಎಂಜಿನ್ನು ಗಟ್ಟಿ, ಸಾಮಾನು ಹಾಕುವ ತೊಟ್ಟಿ ಗಿಡ್ಡ. ಇನ್ನೊಂದರ ತೊಟ್ಟಿ ಉದ್ದ, ಎಂಜಿನ್ನು ಸ್ಟಾರ್ಟ್ ಮಾಡಿದರೆ ಹೊಲಿಗೆ ಮಿಷನ್ನಿನ ಸದ್ದು. ಮೂರನೆಯದರಲ್ಲಿ ಎಲ್ಲವೂ ಇತ್ತು, ಆದರೆ ಬಾಗಿಲು ಹಾಕಿದರೆ "ಢಬ್" ಎನ್ನುವ ಬದಲು "ಟಪ್" ಎನ್ನುತ್ತದಂತೆ!

"ಹೂಂ ಅಂದುಬಿಡಿ ರೀ, ಯಾವುದಾದ್ರೂ ಒಂದಕ್ಕೆ!"

"ಹತ್ತು ನಿಮಿಷ ಕೂತೆದ್ದರೆ ಗಾಡಿ ಅರ್ಥ ಆಗುತ್ತೇನೇ? ನಾನು ಬಡಗಿ ಕಣೇ. ಅವರ ಬಣ್ಣದ ಪುಸ್ತಕ ನಾನು ನಂಬಲ್ಲ. ಮರದಲ್ಲಿ ಮಾಡಿ ನೋಡ್ತೀನಿ."

ತಮಾಷೆ ಅಂದುಕೊಂಡಳು. ಮಾರನೆಯ ದಿನ ಬೆಳಗ್ಗೆ ವರ್ಕ್‌ಷಾಪಿಗೆ ಬಂದರೆ, ಮಹಾಶಯ ಪ್ಲೈವುಡ್ಡಿನಲ್ಲಿ ಪಿಕಪ್ಪಿನ ತೊಟ್ಟಿ ಕಟ್ಟುತ್ತಿದ್ದ! ಪೂರ್ತಿ ಅಳತೆಯದು, ಒಂದು ಸೂತು ಹೆಚ್ಚುಕಮ್ಮಿ ಇಲ್ಲ. ಸೋಫಾ ಹಿಡಿಸುತ್ತದೆಯೇ ನೋಡಬೇಕಂತೆ. ಸಂಜೆಯ ಹೊತ್ತಿಗೆ ಮುಂದಿನ ಕ್ಯಾಬಿನ್ನೂ ಎದ್ದು ನಿಂತಿತು. ಅದು ಅಮ್ಮನಿಗೆ ಹತ್ತಲಿಕ್ಕೆ ಆಗುತ್ತದೆಯೇ ನೋಡಲು.

ಅಮ್ಮ ಎಂದರೆ ಸೋಫಾದಮ್ಮನ ಅತ್ತೆ. ಮಂಡಿನೋವಿನವರು. ಒಂದು ಸಲ ಹತ್ತಿ ಕೂತರು, ಅಷ್ಟೇ. ಮತ್ತೆ ಇಳಿಯುವ ಮಾತೇ ಇಲ್ಲ!

"ಇಲ್ಲೊಂದು ಮೆಟ್ಟಿಲು ಹಾಕೋ" ಎಂದರು. ಹಾಕಿದ. "ಹಿಡ್ಕೊಳ್ಳೋಕೆ ಹಿಡಿ ಬೇಡ್ವೇನೋ?" ಬಂತು. "ಕಿಟಕಿ ಇದೆ, ಕನ್ನಡಿ ಎಲ್ಲೋ?" ಎರಡು ಕನ್ನಡಿ ಬಂದವು, ಜೊತೆಗೆ ಮರದ ಸ್ಟೀರಿಂಗೂ ಬಂತು. ಬೆಳಗಾದರೆ ಅತ್ತೆ ರೇಡಿಯೋ ಹಿಡಿದು ಮುಂದಿನ ಸೀಟಿನಲ್ಲಿ ಹಾಜರು. ಯಾರಾದರೂ ಅಡ್ಡ ಬಂದರೆ ಬಾಯಲ್ಲೇ "ಪೊಂಯ್ ಪೊಂಯ್!"

"ರೀ, ಭಾನುವಾರ ಹತ್ರ ಬಂತು. ನಮಗೆ ಬೇಕಾಗಿರೋದು ಓಡೋ ಗಾಡಿ!" ಎಂದು ಸೋಫಾದಮ್ಮ ಹಲ್ಲು ಕಡಿದಳು. ನಿಜ. ಆದರೆ ಸುಳ್ಳು ಯಾಕೆ ಹೇಳಬೇಕು? ಹಾಗೆ ಬೈಯುತ್ತಾ ಬೈಯುತ್ತಾ ಅವಳೂ ಒಮ್ಮೆ ಒಳಗೆ ಕೂತು ನೋಡಿದಳು. ಸೊಂಟಕ್ಕೆ ಆಸರೆ ಇರಲಿಲ್ಲ. ಬರಿ ಹಲಗೆಯ ಸೀಟು ನೋಡಿಕೊಂಡು ಸುಮ್ಮನಿರುವುದು ಅವಳ ಜಾಯಮಾನವೇ? ಉಳಿದಿದ್ದ ಕೆಂಪು ರೆಕ್ಸಿನ್ನು ತಂದು, ಸ್ಪಂಜು ತುಂಬಿ, ಅಂಚಿಗೆ ಬಿಳಿ ದಾರದ ಜೋಡಿ ಹೊಲಿಗೆ ಹಾಕಿದಳು. ಅಂಥ ಸೀಟು ಆ ಮೂರು ಷೋರೂಮಿನಲ್ಲೂ ಇರಲಿಲ್ಲ ಬಿಡಿ!

ಎಲ್ಲ ಆಯಿತು, ಎಂಜಿನ್ನು? ಅದನ್ನು ಮರದಲ್ಲಿ ಕೆತ್ತಲು ಬರುವುದಿಲ್ಲವಲ್ಲ! ಗಂಡ ಎರಡು ರಾತ್ರಿ ಹಾಸಿಗೆಯಲ್ಲಿ "ಪೆಟ್ರೋಲು... ಡೀಸೆಲ್ಲು..." ಎಂದು ಕನವರಿಸಿದ. ಶನಿವಾರ ಬೆಳಗ್ಗೆ ಸೋಫಾದಮ್ಮನ ತಾಳ್ಮೆಯ ದಾರ ಕಡಿಯಿತು.

"ಕ್ಲಿನಿಕ್ಕು ಎಲ್ಲಿದೆ?"

"ದಿಬ್ಬದ ಮೇಲೆ."

"ಭಾರ ಹೊತ್ತು ದಿಬ್ಬ ಏರೋಕೆ ಯಾವುದು ಸರಿ?"

"ಡೀಸೆಲ್ಲು ಟರ್ಬೋ."

"ಸೋಫಾ ಹಿಡಿಸೋದು ಯಾವುದರಲ್ಲಿ?"

"ಮೂರನೇದ್ರಲ್ಲಿ. ಅದರ ತೊಟ್ಟೀನೂ ಉದ್ದ."

"ಮುಗೀತಲ್ಲ! ಇದಕ್ಕೆ ಒಂದು ವಾರ ಬೇಕಿತ್ತೇನ್ರೀ?"

"ಬಾಗಿಲು ಟಪ್ ಅನ್ನುತ್ತೆ ಕಣೇ..."

"ನನ್ನ ಕೈಯಿಂದ ಢಬ್ ಅಂತ ಹಾಕ್ತೀನಿ, ನಡೀರಿ!"

ಭಾನುವಾರ ಮಧ್ಯಾಹ್ನ ನಿಜವಾದ ಪಿಕಪ್ಪು ಥಳಥಳ ಹೊಳೆಯುತ್ತಾ ವರ್ಕ್‌ಷಾಪಿನ ಮುಂದೆ ಬಂದು ನಿಂತಿತು. ಸೋಫಾದಮ್ಮ ಸೆರಗು ಬಿಗಿದು, "ಸರಿ, ಸೋಫಾ ತನ್ನಿ" ಎಂದಳು.

ಗಂಡ ತಲೆ ಕೆರೆದುಕೊಂಡ. "ಸೋಫಾ ಗಾಡೀಲಿದೆ."

"ಇನ್ನೂ ತುಂಬೇ ಇಲ್ಲವಲ್ಲ?"

"ಈ ಗಾಡೀಲಲ್ಲ. ಆ ಗಾಡೀಲಿ."

ಹಿಡಿಸುತ್ತದೆಯೇ ನೋಡಲು, ಸಿದ್ಧವಾಗಿದ್ದ ಎರಡೂ ಸೋಫಾಗಳನ್ನು ಮರದ ತೊಟ್ಟಿಗೆ ಮೇಲಿನಿಂದ ಇಳಿಸಿದ್ದನಂತೆ. ಆಮೇಲೆ ಮಳೆ ಬಂದರೆ ಎಂದು ಅದಕ್ಕೊಂದು ಮುಚ್ಚಳವನ್ನೂ ಕೂರಿಸಿ, ಅಂಟು ಹಾಕಿ, ಸ್ಕ್ರೂ ಬಿಗಿದುಬಿಟ್ಟಿದ್ದ. ಮರದ ಪಿಕಪ್ಪಿನ ಹಿಂಭಾಗ ಪಕ್ಕದ ಗೋಡೆಗೆ ಒತ್ತಿಕೊಂಡಿತ್ತು. ಮುಂಭಾಗದ ಕ್ಯಾಬಿನ್ನು ವರ್ಕ್‌ಷಾಪಿನ ಬಾಗಿಲಿಗೆ ಅಡ್ಡ ನಿಂತಿತ್ತು. ಕ್ಯಾಬಿನ್ನು ಎದ್ದ ದಿನದಿಂದ ಎಲ್ಲರೂ ಕ್ಯಾಬಿನ್ನಿನ ಒಂದು ಬಾಗಿಲಲ್ಲಿ ಹತ್ತಿ, ಅತ್ತೆಯ ಮಂಡಿ ದಾಟಿ, ಇನ್ನೊಂದು ಬಾಗಿಲಲ್ಲಿ ಇಳಿದೇ ವರ್ಕ್‌ಷಾಪಿನೊಳಗೆ ಹೋಗುತ್ತಿದ್ದರು. ಯಾರಿಗೂ ಏನೂ ಅನ್ನಿಸಿರಲಿಲ್ಲ! ಸೋಫಾದಮ್ಮನಿಗೂ ಅನ್ನಿಸಿರಲಿಲ್ಲ, ಅದೇ ಅವಳಿಗೆ ಹೆಚ್ಚು ಸಿಟ್ಟು ತರಿಸಿತು.

"ಬಿಚ್ಚಿ ಇದನ್ನ!"

"ಬಿಚ್ಚೋಕೆ ಬರಲ್ಲ ಕಣೇ. ನನ್ನ ಜೋಡಣೆ ಜನ್ಮದಲ್ಲಿ ಬಿಚ್ಚಲ್ಲ" ಎಂದ. ಆಗಲೂ ಆ ದನಿಯಲ್ಲಿ ಸ್ವಲ್ಪ ಹೆಮ್ಮೆ ಇತ್ತು ನೋಡಿ!

"ಗರಗಸ ಎಲ್ಲಿ?"

"ಅಯ್ಯೋ, ಕೊಯ್ಯಬೇಡ ಕಣೇ! ನನ್ನ ಕೈಲಾಗಲ್ಲ ಅದು."

"ಅತ್ತೆ, ಇಳೀರಿ."

"ವಾರ್ತೆ ಮುಗೀಲಿ ಕಣಮ್ಮ."

ವಾರ್ತೆ ಮುಗಿಯಿತು, ಹವಾಮಾನವೂ ಮುಗಿಯಿತು. ಸೋಫಾದಮ್ಮ ಮರದ ಪಿಕಪ್ಪಿನ ನಡುವಿಗೆ ಗರಗಸವಿಟ್ಟು ಪರಪರ ಎಳೆದಳು. ಒಂದೊಂದು ಎಳೆತಕ್ಕೂ ಗಂಡ ತನ್ನ ಬೆನ್ನನ್ನೇ ಕೊಯ್ದ ಹಾಗೆ "ಹಾ... ಹಾ..." ಎನ್ನುತ್ತಿದ್ದ. ಕೊನೆಗೆ ಕ್ಯಾಬಿನ್ನು ಬೇರೆಯಾಯಿತು. ಅದನ್ನು ಪಕ್ಕಕ್ಕೆ ವಾಲಿಸಿ ಹೊರಗೆ ತಂದು ಬೀದಿಯಲ್ಲಿಟ್ಟರು. ಮುಚ್ಚಳ ಸೀಳಿ ಸೋಫಾಗಳನ್ನು ಎತ್ತಿ ತಂದರು. ಒಂದು ಗೀರು ಕೂಡ ಬಿದ್ದಿರಲಿಲ್ಲ. ಸೋಫಾದಮ್ಮನಿಗೆ ಹೋದ ಉಸಿರು ವಾಪಸ್ಸು ಬಂತು. ಹಿಂದಿರುಗಿ ನೋಡಿದರೆ ಅತ್ತೆ ಬೀದಿಯ ಮಧ್ಯೆ ಆಗಲೇ ಕ್ಯಾಬಿನ್ ಹತ್ತಿ ಕೂತು ರೇಡಿಯೋ ತಿರುಗಿಸುತ್ತಿದ್ದರು.

ಅಷ್ಟರಲ್ಲಿ ಒಂದು ಕಾರು ಬಂದು ನಿಂತಿತು. ಇಳಿದವರು ಡಾಕ್ಟರಮ್ಮ! ಸೋಫಾದಮ್ಮನಿಗೆ ಸ್ಟೀಲ್ ಬೆಂಚು ಕಣ್ಣೆದುರು ಬಂದು ನಿಂತಿತು.

"ಫೋನ್ ಮಾಡಿದ್ರೆ ಯಾರೂ ಎತ್ತಲಿಲ್ಲ, ಅದಕ್ಕೆ ನಾನೇ ಬಂದೆ..." ಎನ್ನುತ್ತಿದ್ದವರು ಕ್ಯಾಬಿನ್ ನೋಡಿ ಮಾತು ನಿಲ್ಲಿಸಿದರು. ಕೆಂಪು ಸೀಟು ಸವರಿದರು, ಸ್ಟೀರಿಂಗ್ ತಿರುಗಿಸಿದರು. ಅತ್ತೆ "ಪೊಂಯ್" ಎಂದರು. ಡಾಕ್ಟರಮ್ಮ ಮಗುವಿನ ಹಾಗೆ ನಕ್ಕರು.

"ಸೂಜಿ ಅಂದ್ರೆ ಮಕ್ಕಳು ಬಾಗಿಲಲ್ಲೇ ಕಿರುಚ್ತಾರೆ. ಇದರಲ್ಲಿ ಕೂರಿಸಿದ್ರೆ ಚುಚ್ಚಿದ್ದೇ ಗೊತ್ತಾಗಲ್ಲ! ಇದು ನನಗೆ ಬೇಕು. ನಾಳೆ ಬಾಗಿಲು ತೆಗೆಯೋವಾಗ ಅಲ್ಲಿರಬೇಕು. ಹಿಂದಿನ ಭಾಗ ಎಲ್ಲಿ? ಅಯ್ಯೋ, ಇಷ್ಟು ಚೆನ್ನಾಗಿರೋದನ್ನ ಯಾರು ಹೀಗೆ ಕೊಯ್ದಿದ್ದು?"

ಗಂಡ ಆಕಾಶ ನೋಡುತ್ತಾ ನಿಂತ. ಸೋಫಾದಮ್ಮ ಗರಗಸವನ್ನು ಮೆಲ್ಲಗೆ ಬೆನ್ನ ಹಿಂದೆ ಇಟ್ಟುಕೊಂಡಳು.

"ಹಿಂದಿನದು ಆಮೇಲೆ ಮಾಡಿಕೊಡಿ. ಇದೂ ಸೋಫಾನೂ ಈಗಲೇ ಹೊರಡಲಿ. ಕಾವಲುಗಾರ ಏಳಕ್ಕೆ ಬೀಗ ಹಾಕ್ತಾನೆ" ಎಂದು ಡಾಕ್ಟರಮ್ಮ ಹೊರಟರು.

ಕ್ಯಾಬಿನ್ನನ್ನು ಹೊಸ ಪಿಕಪ್ಪಿಗೆ ಏರಿಸಿ ಮಲಗಿಸಿದರು. ತೊಟ್ಟಿ ಭರ್ತಿ. ಗಂಡ ಟೇಪು ಎಳೆದು ಅತ್ತ ಅಳೆದ, ಇತ್ತ ಅಳೆದ. ಸೋಫಾ ಇರಲಿ, ಒಂದು ದಿಂಬಿಗೂ ಜಾಗವಿರಲಿಲ್ಲ. ಎರಡು ಸಲ ಹೋಗಿ ಬರೋಣವೆಂದರೆ ಊರಾಚೆಯ ದಾರಿ, ಗಂಟೆ ಆಗಲೇ ಐದೂವರೆ.

"ಫೋನ್ ಮಾಡಿ ರೀ" ಎಂದಳು ಸೋಫಾದಮ್ಮ, ನೆಲ ನೋಡುತ್ತಾ.

"ನಾನ್ಯಾಕೆ? ಪ್ರತಿಜ್ಞೆ ಮಾಡಿದ್ದು ನಾನಾ?"

ಅವಳೇ ಮಾಡಿದಳು. ಸೋಫಾ ಹಿಡಿದುಕೊಳ್ಳಲು ಅವಳೇ ಆ ವ್ಯಾನು ಹತ್ತಬೇಕು, ಯಾಕೆಂದರೆ ಹೊಸ ಗಾಡಿಯ ಮುಂದಿನ ಸೀಟಿನಲ್ಲಿ ಅತ್ತೆ ರೇಡಿಯೋ ಸಮೇತ ಕೂತಾಗಿತ್ತು. ಬಾಡಿಗೆ ವ್ಯಾನಿನವನು ಬಂದ. ಫಳಫಳ ಹೊಳೆಯುವ ಪಿಕಪ್ಪನ್ನು ನೋಡಿದ, ಅದರ ಬೆನ್ನ ಮೇಲೆ ಮಲಗಿದ್ದ ಮರದ ಪಿಕಪ್ಪನ್ನು ನೋಡಿದ, ಬೀದಿಯಲ್ಲಿ ನಿಂತಿದ್ದ ಎರಡು ಸೋಫಾಗಳನ್ನು ನೋಡಿದ. ಹಲ್ಲುಕಡ್ಡಿಯನ್ನು ಬಾಯಿಯ ಆ ಕಡೆಯಿಂದ ಈ ಕಡೆಗೆ ಸರಿಸಿ, ಅದೇ ನಗು ನಕ್ಕ.

"ಏನಕ್ಕಾ, ಇಷ್ಟು ಬೇಗ ಮುಂದಿನ ಜನ್ಮ ಬಂದುಬಿಡ್ತಾ?"