ಭಾವನವರ ನಾಣ್ಯಬೇಟೆ

ಸಾವು ಹೊಸ್ತಿಲಿಗೆ ಬಂದ ಮನೆಯಲ್ಲಿ ನಗಬಾರದು ಅಂತಾರೆ. ನಮ್ಮ ಭಾವನವರು ಬಿಟ್ಟರೆ ತಾನೇ? ಬ್ಯಾಂಕಿನಿಂದ ನಿವೃತ್ತರಾದ ವರ್ಷವೇ ಕ್ಯಾನ್ಸರ್. ಡಾಕ್ಟರು ಕೈಚೆಲ್ಲಿದ ವಾರ ಅವರು ಮೆಟಲ್ ಡಿಟೆಕ್ಟರ್ ತರಿಸಿದರು. "ಹೋಗೋದರೊಳಗೆ ಒಂದೇ ಒಂದು ಹಳೇ ನಾಣ್ಯ ನನ್ನ ಕೈಯಾರೆ ಮಣ್ಣಿಂದ ಎತ್ತಬೇಕು ಕಣೋ." ಯಂತ್ರ ಅವರದು, ಗುದ್ದಲಿ ನನ್ನದು.

1. ಕೊಚ್ಚಿಯ ಕಡಲತೀರ

ನಾನಿರುವುದು ಕೊಚ್ಚಿಯಲ್ಲಿ, ವಿಲ್ಲಿಂಗ್ಡನ್ ಐಲ್ಯಾಂಡಿನ ಆಫೀಸಿನಲ್ಲಿ ಕೆಲಸ. ಭಾವ ಬಂದ ಮರುದಿನವೇ ಮರಳಲ್ಲಿ ಯಂತ್ರ ಕೀರಲು ದನಿ ತೆಗೆಯಿತು.

"ಈ ಬಳೆಯಂಥದ್ದು ನೆಲಕ್ಕೆ ಕಾಂತದ ಅಲೆ ಬಿಡುತ್ತೆ. ಒಳಗಿರೋ ಲೋಹ ಉತ್ತರ ಕೊಡುತ್ತೆ. ಕಬ್ಬಿಣ ಗೊರ್ ಅನ್ನುತ್ತೆ. ತಾಮ್ರ, ಬೆಳ್ಳಿ ಹೀಗೆ ಹಾಡುತ್ತೆ, ಪರದೆ ಮೇಲೆ ನಂಬರೂ ದೊಡ್ಡದು ಬರುತ್ತೆ. ಅಗೆ!"

ಬೆವರು ಸುರಿಸಿ ಅಗೆದೆ. ಜಜ್ಜಿಹೋದ ಬಿಯರ್ ಡಬ್ಬಿ.

"ನಾಣ್ಯ ಅಂತಲ್ವಾ ಅದು ಹೇಳಿದ್ದು?"

"ಏನೋ ಇದೆ ಅಂತಷ್ಟೇ ಹೇಳುತ್ತೆ. ಏನೂಂತ ಕೊಯ್ದೇ ನೋಡಬೇಕು. ನನ್ನ ಸ್ಕ್ಯಾನಿನ ಥರಾನೇ."

2. ಎಡಪ್ಪಳ್ಳಿಯ ಮಾಲ್

ಸಡಿಲವಾದ ಅಂಗಿ ಕೊಡಿಸಲು ಅಕ್ಕ ಅವರನ್ನು ಮಾಲಿಗೆ ಕರೆದೊಯ್ದಳು. ಬಾಗಿಲಲ್ಲಿ ಕಾವಲುಗಾರನ ಕೈಯ ಡಿಟೆಕ್ಟರ್ ಭಾವನ ಎದೆಯ ಮೇಲೆ ಕೂಗಿಕೊಂಡಿತು. ಕೀಮೋ ಹಾಕಲು ಚರ್ಮದಡಿ ಒಂದು ಲೋಹದ ಬಿಲ್ಲೆ ಕೂರಿಸಿದ್ದರು.

"ಇದೆಂದಾ ಸಾರೇ?" ಇದೇನೆಂದು ಅವನು ಮಲಯಾಳದಲ್ಲಿ ಕೇಳಿದ.

"ನಿಧಿ. ಅಗೆಯೋಕೆ ಡಾಕ್ಟರಿಗೊಬ್ಬರಿಗೇ ಪರ್ಮಿಷನ್ನು."

ಅವನು ಸೆಲ್ಯೂಟ್ ಹೊಡೆದು ಒಳಗೆ ಬಿಟ್ಟ. ಜೊತೆಗಿದ್ದ ನಾನು ನಕ್ಕದ್ದಕ್ಕೆ ಅಕ್ಕ ನಮ್ಮಿಬ್ಬರನ್ನೂ ಅಲ್ಲೇ ಬಿಟ್ಟು ಸರಸರ ಮುಂದೆ ನಡೆದಳು.

3. ತಿರುವನಂತಪುರದ ಹಿತ್ತಲು

ನೋವು ಕಡಿಮೆ ಮಾಡುವ ಚಿಕಿತ್ಸೆಗೆಂದು ಅಲ್ಲೊಂದು ಬಾಡಿಗೆ ಮನೆ ಹಿಡಿದರು; ರಜೆ ಹಾಕಿ ನಾನೂ ಹೋದೆ. ಭಾವನಿಗೆ ನಿಲ್ಲಲೂ ಆಗದು. ಕುರ್ಚಿಯಲ್ಲಿ ಕೂತೇ ಯಂತ್ರ ಆಡಿಸುವರು. ಹಲಸಿನ ಬುಡದಲ್ಲಿ ಅದು ಹಾಡಿತು. ಅಗೆದರೆ ಕೆಂಪು ಬಟ್ಟೆ ಕಟ್ಟಿದ ಮಡಕೆ!

ಭಾವ ತಾವೇ ಕೈ ಹಾಕಿ ತಾಮ್ರದ ನಾಣ್ಯ ಎತ್ತಿದರು. ರಾಜರ ಕಾಲದ್ದು. ಅವರ ಕಣ್ಣು ತುಂಬಿ ಬಂತು, ನನ್ನದೂ. ಆಮೇಲೆ ನೋಡಿದರೆ ಅವರ ಬೆರಳೆಲ್ಲ ಬೂದಿ.

ಮಹಡಿಯಿಂದ ಮನೆ ಮಾಲೀಕ ಎದ್ದುಬಿದ್ದು ಓಡಿಬಂದ. "ಅಯ್ಯೋ ಸಾರೇ, ಅದು ನಮ್ಮ ಅಮ್ಮ!"

ಅಸ್ಥಿಯನ್ನು ಹೊಳೆಗೆ ಬಿಡುವವರೆಗೆ ಹಲಸಿನ ಬುಡದಲ್ಲಿ ಹೂತಿಡುವುದು ಅಲ್ಲಿಯ ರೂಢಿ. ತಾಯಿ ಜೋಪಾನ ಮಾಡಿದ್ದ ನಾಣ್ಯವನ್ನೂ ಮಗ ಜೊತೆಗಿಟ್ಟಿದ್ದನಂತೆ. ನಾನು ನಾಚಿಕೆಯಿಂದ ಸತ್ತೇಹೋದೆ. ಭಾವ ನಾಣ್ಯವನ್ನು ಪಂಚೆಯಲ್ಲಿ ಒರೆಸಿ, ಕಣ್ಣಿಗೊತ್ತಿಕೊಂಡು ಮಡಕೆಗೆ ಹಾಕಿದರು.

"ತಪ್ಪಾಯ್ತು ಚೇಟ್ಟಾ. ಜಾಗ ತಂಪಾಗಿದೆ. ಪಕ್ಕದಲ್ಲಿ ಇನ್ನೊಂದು ಮಡಕೆ ಹಿಡಿಸುತ್ತಾ?"

ಮಾಲೀಕ ತಲೆ ಕೆರೆದುಕೊಂಡ. "ಸಾರೇ, ನಿಮ್ಮ ಅಗ್ರಿಮೆಂಟು ಹನ್ನೊಂದೇ ತಿಂಗಳದ್ದಲ್ಲವೇ?"

"ಅಷ್ಟು ಸಾಕು," ಅಂದರು ಭಾವ. "ಆಮೇಲೆ ಹೇಗೂ ಹೊಳೆಗೆ ಶಿಫ್ಟು."