ದಾರವಿಲ್ಲದ ಸೂಜಿ

ಆ ಭಾನುವಾರ ಭಾಗಣ್ಣನ ಮರ್ಯಾದೆ ಹೋದದ್ದು ಒಂದು ಸೂಜಿಯಿಂದ. ಚುಚ್ಚಿದ್ದರೆ ಒಂದು ತೊಟ್ಟು ರಕ್ತದಲ್ಲಿ ಮುಗಿದುಹೋಗುತ್ತಿತ್ತು. ಆದರೆ ಅದು ಚುಚ್ಚಲಿಲ್ಲ. ಅದರಲ್ಲಿ ದಾರವಿರಲಿಲ್ಲ, ಅಷ್ಟೆ.

ಭಾಗಣ್ಣ ಶಹಾಬಾದಿನ ಫರ್ಸಿ ಹಾಸುಗಲ್ಲಿನ ಅಡ್ಡೆಯೊಂದರಲ್ಲಿ ಲಾರಿ ತೂಗುವ ಕಾಟಾದ ಗುಮಾಸ್ತ. ಊರು ಸೇಡಂ ಕಡೆಯ ಮುಧೋಳ. ವಯಸ್ಸು ನಲವತ್ತನ್ನು ದಾಟಿತ್ತು, ಮದುವೆ ಅವನನ್ನು ದಾಟಿ ಹೋಗಿತ್ತು. ಧೂಳಿನೊಳಗಿಂದ ಬರುವ ಲಾರಿಯ ನಂಬರನ್ನು ದೂರದಿಂದಲೇ ಓದಿ ಕೂಗುವುದು ಅವನ ಕೆಲಸ. ದಿನವಿಡೀ ಅವನ ಬಾಯಿಂದ ಹೊರಡುತ್ತಿದ್ದದ್ದು ನಂಬರು ಮತ್ತು ತೂಕ. ಸಂಜೆ ವಠಾರದ ಕೋಣೆಗೆ ಬಂದರೆ ಅದೂ ಇಲ್ಲ. ಕೆಳಗೆ ಫರ್ಸಿ, ಮೇಲೆ ಫರ್ಸಿ, ನಡುವೆ ಭಾಗಣ್ಣ. ಕೆಮ್ಮಿದರೆ ಗೋಡೆ ತಿರುಗಿ ಕೆಮ್ಮುತ್ತಿತ್ತು. ಯಾರಾದರೂ ಒಳಗೆ ಬಂದು, ಕುಳಿತು, ಸುಮ್ಮನೆ ನಾಲ್ಕು ಮಾತಾಡಿ ಹೋಗಲಿ ಎಂಬುದಕ್ಕಿಂತ ದೊಡ್ಡ ಆಸೆ ಅವನಿಗಿರಲಿಲ್ಲ. ಸುಮ್ಮನೆ ಕರೆಯುವುದು ಹೇಗೆಂದು ಮಾತ್ರ ತಿಳಿಯುತ್ತಿರಲಿಲ್ಲ.

ಕೆಲವು ದಿನಗಳ ಹಿಂದೆ ಮೊಬೈಲಿನಲ್ಲಿ ಒಬ್ಬ ಹುಡುಗಿ ಕೌದಿಯ ಒಂದು ಚೌಕ ಹೊಲಿದು ತೋರಿಸಿದ್ದಳು. ಎರಡು ಬಣ್ಣದ ನಾಲ್ಕು ತುಂಡು. ಎರಡೆರಡನ್ನು ಜೋಡಿಸಬೇಕು, ಆಮೇಲೆ ಆ ಜೋಡಿಗಳನ್ನು ಕೂಡಿಸಬೇಕು. “ಒಂದಿದ್ದರೆ ದಿಂಬಿಗೆ ಹಾಕಿ, ನಾಲ್ಕಿದ್ದರೆ ಕೂಸಿಗೆ ಹಾಸಿ, ಬಹಳ ಇದ್ದರೆ ಕೌದಿ ಮಾಡಿ. ಸೂಜಿ ಹಿಡಿಯದವರಿಗೂ ಬರುತ್ತದೆ, ನೀವೂ ಮಾಡಿ ನೋಡಿ” ಎಂದಿದ್ದಳು. ಯಾರೋ ತನಗೇ ಹೇಳಿದ ಹಾಗೆ ಭಾಗಣ್ಣನಿಗೆ ಅನ್ನಿಸಿತ್ತು. ನೀಲಿ ಬಣ್ಣಕ್ಕೆ ತನ್ನ ಹಳೆಯ ಅಂಗಿ ಇತ್ತು. ಕೆಂಪಿಗಾಗಿ, ಹಳೆ ಬಟ್ಟೆ ತೆಗೆದುಕೊಂಡು ಪಾತ್ರೆ ಕೊಡುವ ಅನಸುಬಾಯಿಯನ್ನು ಓಣಿಯಲ್ಲಿ ನಿಲ್ಲಿಸಿ, ತನ್ನ ಬುತ್ತಿ ಡಬ್ಬಿ ಕೊಟ್ಟು ಒಂದು ಹಳೆ ಸೀರೆ ಪಡೆದಿದ್ದ. ಅವಳ ವ್ಯಾಪಾರದಲ್ಲಿ ಹೀಗೆ ತಿರುಗಾಮುರುಗಾ ಬಂದ ಮೊದಲ ಗಿರಾಕಿ ಅವನೇ.

ಈಗ ಸೂಜಿ ಹಿಡಿದು ಪಕ್ಕದ ಮನೆಯ ಮಾಣಿಕಮ್ಮನ ಬಾಗಿಲಲ್ಲಿ ನಿಂತ.

“ದೊಡ್ಡವ್ವಾ, ಇದರಾಗ ಸ್ವಲ್ಪ ದಾರ ಹಾಕಿ ಕೊಡ್ರಿ.”

ಮಾಣಿಕಮ್ಮನಿಗೆ ಕಣ್ಣಿನ ಆಪರೇಷನ್ ಆದಂದಿನಿಂದ ಇದ್ದದ್ದು ಮಸುಕು, ಇಲ್ಲದ್ದು ಸ್ಪಷ್ಟ. ಅವಳು ಸೂಜಿಯನ್ನು ನೋಡಲಿಲ್ಲ. ಅವನ ಹೆಗಲ ಮೇಲಿದ್ದ ಕೆಂಪು ಸೀರೆಯ ತುಂಡನ್ನು ನೋಡಿದಳು.

“ಏನ್ ಹೊಲಿಯಾಕತ್ತಿ ತಮ್ಮಾ?”

“ಕೌದೀದು ಒಂದು ಚೌಕ.”

ಅಲ್ಲಿಗೆ ಮುಗಿಯಿತು. ಆ ಓಣಿಯಲ್ಲಿ ಕೌದಿ ಹೊಲಿಯುವುದು ಮನೆಯಲ್ಲಿ ಮದುವೆ ಗೊತ್ತಾದಾಗ, ಇಲ್ಲವೇ ಬಾಣಂತನ ಬಂದಾಗ. ಭಾಗಣ್ಣನಿಗೆ ಬಾಣಂತನ ಬರುವಂತಿರಲಿಲ್ಲ.

“ಏ ಹಮೀದಾ, ಬಾರವ್ವ ಇಲ್ಲಿ. ಭಾಗಣ್ಣಂದು ಮದುವಿ ಗಟ್ಟಿ ಆಗ್ಯಾದ.”

ಎದುರು ಮನೆಯಲ್ಲಿ ಮಷೀನು ಇಟ್ಟುಕೊಂಡು ಬಟ್ಟೆ ಹೊಲಿಯುವ ಹಮೀದಾಬೇಗಂ ದಾರದ ಉಂಡೆಯ ಸಮೇತ ಬಂದಳು. ಹಿಂದೆಯೇ ದೇವಿಂದ್ರ. ಅವನು ಟಂಟಂ ಆಟೋ ಓಡಿಸುವವನು. ಬಾಡಿಗೆ ಇಲ್ಲದ ದಿನ ಬೇರೆಯವರ ಸುದ್ದಿ ಓಡಿಸುತ್ತಿದ್ದ. ಹಮೀದಾಬೇಗಂ ಸೂಜಿಗೆ ದಾರ ಹಾಕಿದಳು. ಆಮೇಲೆ ಮೂವರೂ ಅವನ ಕೋಣೆಯೊಳಗೆ ಬಂದೇ ಬಿಟ್ಟರು.

ಮಾಣಿಕಮ್ಮ ಟ್ರಂಕಿನ ಮೇಲೆ, ಹಮೀದಾಬೇಗಂ ಚಾಪೆಯ ಮೇಲೆ, ದೇವಿಂದ್ರ ಬೋರಲು ಹಾಕಿದ ಬಕೀಟಿನ ಮೇಲೆ ಕುಳಿತರು. ಭಾಗಣ್ಣ ಚಹಾ ಕಾಸಿದ. ಇದ್ದದ್ದು ಒಂದೇ ಕಪ್ಪು. ಉಳಿದವರು ತಂಬಿಗೆಯಲ್ಲೂ ಸಕ್ಕರೆ ಡಬ್ಬಿಯ ಮುಚ್ಚಳದಲ್ಲೂ ಕುಡಿದರು.

“ಈಗ ಹೇಳು. ಸೀರಿ ಯಾರದು? ಯಾವ ಊರಾಕಿ?” ಮಾಣಿಕಮ್ಮ ಕೇಳಿದಳು.

ಹಾಗೇನಿಲ್ಲ ಎನ್ನಲು ಭಾಗಣ್ಣ ಬಾಯಿ ತೆರೆದ. ಅಷ್ಟರಲ್ಲಿ ಹೊಸ್ತಿಲಾಚೆ ಕಣ್ಣು ಹೋಯಿತು. ಅವನ ಬಾಗಿಲ ಮುಂದೆ ಬೇರೆಯವರ ಚಪ್ಪಲಿಗಳು ಒಂದರ ಮೇಲೊಂದು ಬಿದ್ದಿದ್ದವು. ಹಾಗೇನಿಲ್ಲ ಎಂದರೆ ಅವು ಎದ್ದು ಹೋಗುತ್ತವೆ.

“ತೆಂಗಳಿ” ಎಂದ.

“ತೆಂಗಳಿ? ನಮ್ಮ ಮಾವನ ಊರಲ್ಲ ಅದು. ಯಾರ ಮಗಳಪ್ಪಾ?” ದೇವಿಂದ್ರ ಬಕೀಟು ಸಮೇತ ಮುಂದೆ ಸರಿದ.

ಭಾಗಣ್ಣ ತಲೆ ತಗ್ಗಿಸಿ ಹೊಲಿಯಲು ತೊಡಗಿದ. ಹೊಲಿಗೆ ಗಣಿ ರಸ್ತೆಯ ಲಾರಿಯ ಹಾಗೆ ಒಮ್ಮೆ ಅತ್ತ, ಒಮ್ಮೆ ಇತ್ತ ವಾಲಿಕೊಂಡು ಹೋಯಿತು.

“ನಾಕು ತುಂಡು ನಡುವ ಒಂದ ಕಡಿ ಕೂಡಬೇಕೋ” ಎಂದಳು ಮಾಣಿಕಮ್ಮ, ಬೆರಳಿನಿಂದ ತಡವಿ. “ನಿಂದು ಹೊಲ ಹಂಚ್ಕೊಂಡ ಅಣ್ಣತಮ್ಮರಂಗ ನಾಕು ದಿಕ್ಕಿಗಿ ನಿಂತಾವ. ಬಿಚ್ಚು.”

ಬಿಚ್ಚಿದ. ದಾರ ಸಾಲದಾಯಿತು. ಹಮೀದಾಬೇಗಂ ಮತ್ತೆ ಹಾಕಿಕೊಟ್ಟಳು. ಮತ್ತೆ ಹೊಲಿದ, ಮತ್ತೆ ಬಿಚ್ಚಿಸಿದರು. ಬಿಚ್ಚು ಎಂದಾಗಲೆಲ್ಲ ಅವನ ಮುಖ ಅರಳುತ್ತಿತ್ತು. ಕಲಿಯಲು ಇಷ್ಟು ಹುರುಪಿನ ಗಂಡಸನ್ನು ತಾನು ಕಂಡೇ ಇಲ್ಲ ಎಂದಳು ಮಾಣಿಕಮ್ಮ. ಮಧ್ಯಾಹ್ನ ಕಳೆಯಿತು. ಮದುವೆಗೆ ಯಾವ ಸಿಹಿ ಎಂಬ ಜಗಳವಾಯಿತು. ಗೋಡೆಗಳಿಗೆ ಕೆಮ್ಮಲು ಪುರುಸೊತ್ತಿರಲಿಲ್ಲ.

ದೇವಿಂದ್ರ ಮಾತ್ರ ತೆಂಗಳಿಯನ್ನು ಬಿಡಲಿಲ್ಲ.

“ಹೆಸರ ಹೇಳಲಿಕ್ಕ ನಾಚಿಕಿ ಆದ್ರ ಬಿಡು. ನಮ್ಮ ಅತ್ತೆಗಿ ಫೋನ್ ಹಚ್ತೀನಿ. ಊರಾಗ ಯಾರ ಮನ್ಯಾಗ ಗಟ್ಟಿ ಆಗ್ಯಾದ ಅಂತ ಆಕಿಗಿ ಗೊತ್ತಿರಲಾರದ್ದು ಇಲ್ಲ.”

“ಸಕ್ರಿ ತೀರ್ಯಾದ, ತರ್ತೀನಿ” ಎಂದು ಭಾಗಣ್ಣ ಎದ್ದ. ಕೈಯಲ್ಲಿದ್ದ ಚೌಕದ ಜೊತೆ ಅವನ ಲುಂಗಿಯೂ ಮೊಣಕಾಲಿನ ತನಕ ಎದ್ದಿತು. ತೊಡೆಯ ಮೇಲಿಟ್ಟುಕೊಂಡು ಹೊಲಿಯುವ ಭರದಲ್ಲಿ ಎರಡನ್ನೂ ಕೂಡಿಸಿಬಿಟ್ಟಿದ್ದ. ದಡಕ್ಕನೆ ಕುಳಿತ.

“ಮದುವಿ ಅವಸರ ನೋಡ್ರಿ, ಉಟ್ಟ ಲುಂಗೀನೂ ಕೌದಿಗಿ ಹಾಕ್ಯಾನ” ಎಂದಳು ಮಾಣಿಕಮ್ಮ.

“ಅಲ್ಲಾಡಬ್ಯಾಡ್ರಿ ಭಾಯಿ” ಎಂದು ಹಮೀದಾಬೇಗಂ ಕತ್ತರಿ ತೆಗೆದುಕೊಂಡು ಹತ್ತಿರ ಬಂದಳು. ಓಡಿಹೋಗುವ ದಾರಿಯೂ ಮುಚ್ಚಿತು. ದೇವಿಂದ್ರನ ಅತ್ತೆ ಫೋನಿನಲ್ಲಿ “ಹಲೋ” ಎಂದಳು. ಅದೇ ಹೊತ್ತಿಗೆ ಹಮೀದಾಬೇಗಂ ಕೆಂಪು ತುಂಡನ್ನು ತಿರುವಿ ಬೆಳಕಿಗೆ ಹಿಡಿದಳು.

“ಮಾಣಿಕವ್ವ, ಇದು ನಿಮ್ಮ ಸೀರಿ. ಇಸ್ತ್ರಿ ಬಡದು ಸುಟ್ಟಿದ್ದಲ್ಲ? ನಾನೇ ರಫೂ ಮಾಡಿ ಕೊಟ್ಟೀನಿ. ನೋಡ್ರಿ, ನನ್ನ ಕೈ ಹೊಲಿಗಿ.”

ಫೋನಿನೊಳಗಿಂದ ಅತ್ತೆ ಕೇಳುತ್ತಿದ್ದಳು, “ಯಾರ್ನ ಹುಡುಕಾಕತ್ತೀರಪ್ಪ?”

“ಏನಿಲ್ರಿ ಅತ್ತಿ, ಹೆಣ್ಣು ಸಿಕ್ತು” ಎಂದ ದೇವಿಂದ್ರ, ಮಾಣಿಕಮ್ಮನನ್ನೇ ನೋಡುತ್ತ. “ಬಾಜೂ ಮನ್ಯಾಗೇ ಅದಾಳ.”

“ಅಯ್ಯ ಮೂಳಾ, ಆ ಸೀರಿ ಕೊಟ್ಟು ನಾ ಬೋಗುಣಿ ತಗೊಂಡಿದ್ನಲ್ಲೋ” ಎಂದು ಮಾಣಿಕಮ್ಮ ಎಲ್ಲರಿಗಿಂತ ಹೆಚ್ಚು ನಕ್ಕಳು. ನಗು ನಿಂತ ಮೇಲೆ ಭಾಗಣ್ಣ ಅನಸುಬಾಯಿಯ ವಿಷಯ ಹೇಳಿದ.

“ಹಂಗಂದ್ರ ಮದುವಿ ಇಲ್ಲ?”

“ಇಲ್ಲ ದೊಡ್ಡವ್ವಾ.”

“ಮತ್ತ ತೆಂಗಳಿ ಯಾಕಂದಿ?”

ಅವನು ಲುಂಗಿಯ ತೂತುಗಳನ್ನು ನೋಡುತ್ತ ಕುಳಿತ.

ಮದುವೆ ಇಲ್ಲವೆಂದ ಮೇಲೆ ಕೂರಲು ಕಾರಣವೂ ಉಳಿಯಲಿಲ್ಲ. ಮಾಣಿಕಮ್ಮನಿಗೆ ಒಲೆ ನೆನಪಾಯಿತು, ದೇವಿಂದ್ರನಿಗೆ ವಾಡಿಯ ರೈಲಿಗೆ ಹೋಗುವವರ ಬಾಡಿಗೆ. ಕೊನೆಯ ಅಂಚನ್ನು ಹಮೀದಾಬೇಗಂ ತಾನೇ ಹೊಲಿದು ಮುಗಿಸಿದಳು. ನಾಲ್ಕು ತುಂಡು ನಡುವೆ ಸರಿಯಾಗಿ ಕೂಡಿದ್ದವು. ಚೌಕವನ್ನು ದಿಂಬಿನ ಮೇಲಿಟ್ಟು ಅವಳೂ ಹೋದಳು. ಹೊಸ್ತಿಲ ಮುಂದೆ ಮತ್ತೆ ಅವನ ಚಪ್ಪಲಿ ಒಂದೇ.

ದೀಪ ಹಚ್ಚುವ ಹೊತ್ತಿಗೆ ಬಾಗಿಲು ಸದ್ದಾಯಿತು. ಭಾಗಣ್ಣ ಓಡಿ ತೆಗೆದ. ಹಮೀದಾಬೇಗಂ ನಿಂತಿದ್ದಳು. ಕೈಯಲ್ಲಿ ಒಂದು ಬಟ್ಟೆಯ ಉಂಡೆ, ಅದಕ್ಕೆ ಸಾಲಾಗಿ ಚುಚ್ಚಿದ ಸೂಜಿಗಳು, ಒಂದೊಂದರಲ್ಲೂ ಮಾರುದ್ದ ದಾರ.

“ಒಂದು ಸೂಜ್ಯಾಗ ದಾರ ಹೋಗಲಿಲ್ಲಂತ ನಿಮಗ ಇಷ್ಟೆಲ್ಲ ತ್ರಾಸ ಆಯ್ತು ಭಾಯಿ. ನನಗ ಭಾಳ ಕೆಟ್ಟ ಅನ್ನಿಸ್ತು. ಪಾಕೀಟದಾಗಿನ ಎಲ್ಲಾ ಸೂಜಿಗೂ ಹಾಕೀನಿ, ತಗೋರಿ. ಇನ್ನ ಯಾರ ಬಾಗಲಾ ಬಡಿಯೋದು ಬ್ಯಾಡ, ಯಾರ ಕಡಿಂದ ನಗಿಸಿಕೊಳ್ಳೋದೂ ಬ್ಯಾಡ.”

ಮಾತಿನಲ್ಲಿ ಕೊಂಕಿರಲಿಲ್ಲ. ಕೊಟ್ಟು, ಬಾಗಿಲನ್ನು ತಾನೇ ಮೆಲ್ಲಗೆ ಎಳೆದುಕೊಂಡು ಹೋದಳು.

ಭಾಗಣ್ಣ ಉಂಡೆಯನ್ನು ಹಿಡಿದು ಕುಳಿತ. ಬೆಳಿಗ್ಗೆ ಸೂಜಿಗೆ ಅವನೇ ದಾರ ಹಾಕಿದ್ದ. ಮೊದಲ ಸಲಕ್ಕೇ ಹೋಗಿತ್ತು. ಧೂಳಿನಲ್ಲಿ ಲಾರಿಯ ನಂಬರು ಓದುವ ಕಣ್ಣು ಅವು. ಹಾಕಿ, ಪಕ್ಕದ ಮನೆಯ ಮಾತು ಕೇಳುತ್ತ ಸ್ವಲ್ಪ ಹೊತ್ತು ಕುಳಿತು, ಆಮೇಲೆ ದಾರವನ್ನು ಎಳೆದು ತೆಗೆದು, ಬರೀ ಸೂಜಿ ಹಿಡಿದು ಎದ್ದು ಹೋಗಿದ್ದ.

ಈಗಲೂ ಪಕ್ಕದಲ್ಲಿ ಮಾಣಿಕಮ್ಮ ಯಾರಿಗೋ ಏನೋ ಹೇಳಿ ನಗುತ್ತಿದ್ದಳು. ಅವನು ಉಂಡೆಯಿಂದ ಒಂದು ಸೂಜಿ ಕಿತ್ತು ದಾರ ಎಳೆದ. ಬರಲಿಲ್ಲ. ಮತ್ತೊಂದನ್ನು ಎಳೆದ. ಅದೂ ಬರಲಿಲ್ಲ.

ಹಮೀದಾಬೇಗಂ ಕೆಲಸ ಅರ್ಧಕ್ಕೆ ಬಿಡುವವಳಲ್ಲ. ದಾರ ಜಾರಿ ಹೋದೀತೆಂದು ಒಂದೊಂದು ಸೂಜಿಯ ಕಣ್ಣಿಗೂ ಬಿಗಿಯಾಗಿ ಗಂಟು ಹಾಕಿದ್ದಳು.