ಒದ್ದೆ ಗೋಡೆಯ ಬಾಡಿಗೆದಾರರು

ಬೆಳಿಗ್ಗೆ ಪುಸ್ತಕ ಕಟ್ಟುವ ಬೈಂಡರ್ ತನ್ನ ಅಂಗಡಿಯ ಬಾಗಿಲು ತೆಗೆದಾಗ ಒದ್ದೆ ಗೋಡೆಯ ಮೇಲೆ ಎಳ್ಳು ನಡೆದಾಡುತ್ತಿತ್ತು. ಕನ್ನಡಕ ಹಾಕಿಕೊಂಡು ನೋಡಿದರೆ ಕಂದು ಬಣ್ಣದ ಹುಳುಗಳು.

ಬೇರೆ ದಿನವಾಗಿದ್ದರೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಇವತ್ತು ಸಂಜೆ ಕಟ್ಟಡದ ಯಜಮಾನರು ಬರುವವರಿದ್ದರು. ಮಹಡಿಯ ಪೈಪು ಸೋರಿ, ಗೋಡೆಗೆ ಬೂಷ್ಟು ಹಿಡಿದು, ಹೊಲಿದಿಟ್ಟ ಪುಸ್ತಕಗಳೆಲ್ಲ ಉಬ್ಬುತ್ತಿವೆ ಎಂದು ಇವನು ಎಷ್ಟೋ ಸಲ ಗೋಗರೆದ ಮೇಲೆ "ನೋಡೋಣ" ಎಂದಿದ್ದರು. ಇನ್ನೂ ಹೀಗೇ ಬಿಟ್ಟರೆ ಗಿರಾಕಿಗಳು ಬೇರೆ ಅಂಗಡಿ ಹುಡುಕಿಕೊಳ್ಳುವುದು ಖಂಡಿತ.

ಪಕ್ಕದ ಅಂಗಡಿಯ ಟೈಲರ್ ಇಣುಕಿ, ಅವನ ತಲೆಗೂ ಒಂದು ಹುಳ ಬಿಟ್ಟ.

"ಅಣ್ಣಾ, ಇವು ನಿನ್ನ ಮೈದಾ ಅಂಟಿಗೆ ಬಂದಿರೋದು. ಯಜಮಾನ್ರು ನೋಡಿದ್ರೆ ಹುಳ ಸಾಕಿದ್ದು ನೀನೇ ಅಂತ ಗಂಟುಮೂಟೆ ಕಟ್ಟಿಸ್ತಾರೆ."

ಬೈಂಡರ್ ಗಡಿಬಿಡಿಯಿಂದ ಅಂಟಿನ ಡಬ್ಬಿಯನ್ನು ಮೇಜಿನಡಿ ಬಚ್ಚಿಟ್ಟು ಪೊರಕೆ ಹಿಡಿದ. ಗುಡಿಸಿದಷ್ಟೂ ಬಿರುಕಿನಿಂದ ಹೊಸವು ಬಂದವು. ಎದುರಿನ ಕ್ಷೌರಿಕ "ಇದೆಲ್ಲ ನನಗೆ ಬಿಡಿ" ಎಂದು ಕೂದಲು ಒಣಗಿಸುವ ಯಂತ್ರ ತಂದು ಗೋಡೆಗೆ ಬಿಸಿಗಾಳಿ ಬಿಟ್ಟ. ಹುಳುಗಳೆಲ್ಲ ಹಾರಿಹೋಗಿ ಟೈಲರ್ ತೂಗುಹಾಕಿದ್ದ ಬಿಳಿ ಕೋಟಿನ ಮೇಲೆ ಕೂತವು. ಟೈಲರ್ ಕತ್ತರಿ ಹಿಡಿದೇ ಜಗಳಕ್ಕೆ ಬಂದ.

ಅಷ್ಟರಲ್ಲಿ ಬೈಂಡಿಂಗ್‌ಗೆ ಕೊಟ್ಟಿದ್ದ ಪುಸ್ತಕ ಒಯ್ಯಲು ಕಾಲೇಜಿನ ಕೀಟಶಾಸ್ತ್ರದ ಮೇಡಂ ಬಂದರು. ಕೋಟಿನಿಂದ ಒಂದು ಹುಳುವನ್ನು ಬೆರಳಿಗೆ ಹತ್ತಿಸಿಕೊಂಡರು. ಅವರ ಮುಖ ಅರಳಿತು.

"ಇದು ನಮ್ಮ ಕಡೇದಲ್ಲ ರೀ. ಯಾವ ಕಾಲದಲ್ಲೋ ಹೊರದೇಶದ ಸರಕಿನ ಜೊತೆ ಬಂದು ಇಲ್ಲೇ ಉಳ್ಕೊಂಡಿದೆ. ಕಾಗದ ತಿನ್ನಲ್ಲ, ಬಟ್ಟೆ ತಿನ್ನಲ್ಲ, ಬೂಷ್ಟೇ ಇದರ ಊಟ. ಗೋಡೆ ಒಣಗಿದ್ರೆ ತಾನಾಗೇ ಹೋಗತ್ತೆ."

ಬೈಂಡರನ ಮನಸ್ಸು ಹಗುರವಾಯಿತು. ಮೇಡಂ ಬೆರಳಿನ ಮೇಲಿದ್ದ ಹುಳುವನ್ನು ಬಗ್ಗಿ ನೋಡಿದ. ಅವನೂ ಎಲ್ಲಿಂದಲೋ ಬಂದವನೇ. ಇನ್ನೊಬ್ಬರ ಗೋಡೆಗೆ ಆತುಕೊಂಡು, ಸಿಕ್ಕಿದ್ದರಲ್ಲಿ ಹೊಟ್ಟೆ ಹೊರೆಯುವವನೇ. ಇಷ್ಟು ಸಣ್ಣ ಜೀವಕ್ಕೆ ಬೆಳಗಿನಿಂದ ಪೊರಕೆ ತೋರಿಸಿದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ಸಂಜೆ ಯಜಮಾನರು ಬಂದವರೇ ಗೋಡೆಯ ಮೇಲೆ ಮತ್ತೆ ಹರಿದಾಡುತ್ತಿದ್ದ ಹುಳುಗಳನ್ನು ಕಂಡು ಹುಬ್ಬು ಗಂಟಿಕ್ಕಿದರು. "ಏನಯ್ಯಾ ಈ ಹುಳ? ನಿನ್ನ ಅಂಟಿನ ಪ್ರತಾಪಾನಾ?"

"ಅಲ್ಲ ಸಾರ್, ನಿಮ್ಮ ಪೈಪಿಂದು!" ಬೈಂಡರ್ ಮೇಡಂ ಹೇಳಿದ್ದನ್ನೆಲ್ಲ ಪಾಠದಂತೆ ಒಪ್ಪಿಸಿದ. ಯಜಮಾನರು ಪ್ಲಂಬರನಿಗೆ ಫೋನ್ ಮಾಡಲು ಮೊಬೈಲ್ ತೆಗೆದೇಬಿಟ್ಟರು. ಅಲ್ಲಿಗೆ ಬಾಯಿ ಮುಚ್ಚಿದ್ದರೆ ಗೆದ್ದಿದ್ದ. ಆದರೆ ಹುಳುಗಳ ಮೇಲೆ ಅವನಿಗೆ ಪ್ರೀತಿ ಉಕ್ಕಿತ್ತು.

"ಪಾಪದವು ಸಾರ್, ಯಾರ ತಂಟೆಗೂ ಹೋಗಲ್ಲ. ಇಡೀ ದಿನ ಗೋಡೆ ಬೂಷ್ಟು ತಿಂದು ಚೊಕ್ಕ ಮಾಡ್ತಿರ್ತವೆ."

ಯಜಮಾನರ ಬೆರಳು ನಿಂತಿತು. "ಬೂಷ್ಟು ಬಂದ ಹಾಗೆಲ್ಲ ತಿಂತವಾ?"

"ತಿಂತವೆ ಸಾರ್, ಆದ್ರೆ..."

"ಮತ್ತೆ ರಿಪೇರಿ ಯಾಕಯ್ಯಾ? ಅವುಗಳ ಅನ್ನ ಕಿತ್ಕೊಂಡ ಹಾಗಾಗತ್ತೆ." ಮೊಬೈಲ್ ಜೇಬಿಗಿಳಿಯಿತು. ಮೆಟ್ಟಿಲಿಳಿಯುತ್ತ ಅವರು ತಿರುಗಿ ನೋಡಿದರು. "ಪೊರಕೆ ಗಿರಕೆ ತಾಗಿಸ್ಬೇಡ, ಅವು ನಮ್ಮ ಗೋಡೆ ನೋಡ್ಕೊಳ್ಳೋ ಆಳುಗಳು."

ಬೈಂಡರ್ ಉಬ್ಬಿದ ಪುಸ್ತಕಗಳನ್ನು ಒಣಗಿದ್ದ ಮೂಲೆಗೆ ಸರಿಸಿದ. ಅವನ ತೋಳಿನ ಮೇಲೆ ಒಂದು ಹುಳು ದಾರಿ ತಪ್ಪಿ ಹತ್ತುತ್ತಿತ್ತು. ಅದನ್ನು ಮೆಲ್ಲಗೆ ಗೋಡೆಗೆ ಬಿಟ್ಟ.

"ಹೋಗಪ್ಪಾ, ನಿನಗಾದ್ರೂ ಕೆಲಸ ಖಾಯಂ ಆಯ್ತಲ್ಲ" ಎಂದು ದೀಪ ಆರಿಸಿದ.